ಗ್ರಿಲ್ಲಿನೊಳಗಿನ ನಸ್ಯದ ಬಟ್ಟೆ

ಸುಟ್ಟ ಧೂಳು, ನಸ್ಯ, ಬೆಳ್ಳುಳ್ಳಿ... ಈ ಮೂರು ಒಟ್ಟಾದ್ರೆ ಎಂತ ವಾಸನೆ ಬರ್ತದೆ, ಹೇಳಿ ನೋಡುವಾ? ಗೊತ್ತಿಲ್ವಾ? ಪುಣ್ಯವಂತರು ನೀವು. ನನಗೆ ಗೊತ್ತುಂಟು. ಮೊನ್ನೆ ಆ ಮೂರರಲ್ಲಿ ಒಂದು ಮೂಗಿಗೆ ಬಡಿಯಿತು, ಉಳಿದ ಎರಡು ತಾವಾಗಿಯೇ ಬಂದವು.

ಬಹರೈನಿನ ಸನದ್‌ನ ನಮ್ಮ ಮನೆಯಲ್ಲಿ ಈ ವರ್ಷ ಮೊದಲ ಸಲ ಹೀಟರ್ ಹಾಕಿದ್ರು. ಇಲ್ಲಿ ಹೀಟರ್ ಅಂದ್ರೆ ಬೇರೆ ಪೆಟ್ಟಿಗೆ ಅಲ್ಲ. ವರ್ಷ ಇಡೀ ತಣ್ಣಗೆ ಊದುವ ಅದೇ ಸೆಂಟ್ರಲ್ ಏಸಿ, ಗುಂಡಿ ಒತ್ತಿದ್ರೆ ಬಿಸಿ ಊದ್ತದೆ, ಸೀಲಿಂಗಿನ ಕೊಳವೆಯಲ್ಲಿ ಎಲ್ಲ ರೂಮಿಗೂ ಹೋಗ್ತದೆ. ಬೇಸಿಗೆ ಇಡೀ ಅದರೊಳಗೆ ಕೂತ ಧೂಳು ಆ ದಿನ ಸುಡ್ತದೆ. ಕೂದಲು ಸುಟ್ಟ ಹಾಗೆ, ಹಳೇ ಚಪ್ಪಲಿ ಕಾಯಿಸಿದ ಹಾಗೆ ಒಂದು ದರಿದ್ರ ವಾಸನೆ. ಎಲ್ಲರೂ ಕಿಟಕಿ ತೆಗೆದು ಹೊರಗೆ ಓಡಿದ್ರು. ನಾನು ಮಾತ್ರ ಬಿಸಿ ಗಾಳಿ ಬರುವ ಗ್ರಿಲ್ಲಿನ ಕೆಳಗೆ ಕುರ್ಚಿ ಹಾಕಿ ಕೂತೆ. ಮೂಗಿಗೆ ಸೆರಗು ಹಿಡ್ಕೊಂಡೇ ಕೂತದ್ದು, ಹೇಸಿಗೆ ಹೇಸಿಗೆಯೇ. ಆದ್ರೆ ಏಳ್ಲಿಕ್ಕೆ ಮನಸ್ಸಾಗಲಿಲ್ಲ...

ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ನಾವಿದ್ದದ್ದು ಇದೇ ಬಹರೈನಿನ ಗುಫೂಲ್‌ನಲ್ಲಿ, ಒಂದು ಹಳೇ ಬಿಲ್ಡಿಂಗಿನ ಫ್ಲ್ಯಾಟು. ನಮ್ಮವರಿಗೆ ಬಂದರಿನಲ್ಲಿ, ಮೀನಾ ಸಲ್ಮಾನ್‌ನ ಗೋಡೌನಿನಲ್ಲಿ ಮ್ಯಾನೇಜರ್ ಕೆಲಸ. ಎದುರು ಫ್ಲ್ಯಾಟಿನಲ್ಲಿ ಮಗನ ಸಂಸಾರದ ಜೊತೆ ಇದ್ದವರು ದೊಡ್ಡಮ್ಮ. ನನಗೆ ಸಂಬಂಧ ಏನೂ ಅಲ್ಲ, ಕುಂದಾಪುರ ಕಡೆಯವರು. ಬಿಲ್ಡಿಂಗಿನ ಕನ್ನಡದವರಿಗೆಲ್ಲ ದೊಡ್ಡಮ್ಮ, ಕೆಳಗಿನ ಪಾಕಿಸ್ತಾನಿ ಡ್ರೈವರಿಗೂ "ದೊಡ್ಡಮ್ಮಾಜಿ".

ಹೇಗಿದ್ರು ಅಂದ್ರೆ... ಇದ್ದದ್ದನ್ನೇ ಹೇಳ್ತೇನೆ, ಹೋದವರ ಮೇಲೆ ಸಕ್ಕರೆ ಉದುರಿಸುವ ಅಭ್ಯಾಸ ನನಗಿಲ್ಲ. ಮೂಗಿನ ಹೊಳ್ಳೆ ಎರಡೂ ಯಾವಾಗ್ಲೂ ಕಂದು ಬಣ್ಣ. ನಸ್ಯ ಏರಿಸುದು, ಗೋಡೆ ನಡುಗುವ ಹಾಗೆ ಸೀನುದು, ಒಂದು ಬಟ್ಟೆಯಲ್ಲಿ ಒರೆಸುದು, ಆ ಬಟ್ಟೆಯನ್ನು ರವಿಕೆಯೊಳಗೆ ಸಿಕ್ಕಿಸುದು. ಅದೇ ಕೈಯಲ್ಲಿ ನಮ್ಮ ಡಬ್ಬ ತೆಗೆದು ಚಕ್ಕುಲಿ ತಿನ್ನುದು. ತಲೆಗೆ ಎಷ್ಟು ತೆಂಗಿನೆಣ್ಣೆ ಅಂದ್ರೆ, ನಮ್ಮ ಸೋಫಾದಲ್ಲಿ ಅವರ ತಲೆಯ ಗುರುತು ಕಪ್ಪಗೆ ಬಿದ್ದಿತ್ತು. ನಾನು ಅದರ ಮೇಲೆ ಒಂದು ಟವೆಲ್ ಹಾಸಿದೆ. ಅವರು ಟವೆಲ್ಲಿನಲ್ಲಿ ಮೂಗು ಒರೆಸಿದ್ರು.

ನನ್ನ ಮಗಳಿಗೆ ಹೆರಿಗೆ ಆದದ್ದು ಜನವರಿಯಲ್ಲಿ. ಬಹರೈನಿನಲ್ಲಿ ಎಂತ ಚಳಿ ಅಂತ ನಗ್ಬೇಡಿ. ಸಮುದ್ರದ ಚಳಿ ಅದು, ಕಲ್ಲಿನ ನೆಲದಿಂದ ಪಾದಕ್ಕೆ ಹತ್ತಿ ಮೂಳೆಯಲ್ಲಿ ಕೂರ್ತದೆ. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು, ಒಂದು ಹಿಡಿ ಉಂಟೋ ಇಲ್ವೋ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಕೊನೆಗೂ ಮನೆಗೆ ಬಿಡುವಾಗ ಡಾಕ್ಟ್ರಮ್ಮ ಹೇಳಿದ್ರು, ಬೆಚ್ಚಗೆ ಇಡಿ, ಮುಂದಿನ ಸಲ ಬರುವಾಗ ತೂಕ ಏರದಿದ್ರೆ ಪುನಃ ಪೆಟ್ಟಿಗೆಯಲ್ಲೇ ಮಲಗಿಸ್ಬೇಕಾಗ್ತದೆ ಅಂತ. ಆ ಪೆಟ್ಟಿಗೆಯ ಹೆಸರೆತ್ತಿದ್ರೆ ಸಾಕು, ನನ್ನ ಮಗಳು ಮಗುವನ್ನು ಅವುಚಿ ಹಿಡೀತಿದ್ದಳು. ಗಾಜಿನ ಹೊರಗೆ ನಿಂತು ಅತ್ತು ಅತ್ತು ಅವಳ ಹಾಲೇ ಕಮ್ಮಿಯಾಗಿತ್ತು.

"ಬಾಣಂತನ ನಾನು ನೋಡ್ತೇನೆ, ನಿನಗೆ ಎಂತ ಗೊತ್ತುಂಟು?" ಅಂತ ದೊಡ್ಡಮ್ಮ ಚಾಪೆ ಸಮೇತ ಬಂದು ಕೂತ್ರು. ಯಾರು ಕರೆದದ್ದು? ಯಾರೂ ಇಲ್ಲ. ಬಂದ ದಿನವೇ ಕಿಟಕಿಯ ಸಂದಿಗೆಲ್ಲ ಟೇಪು. ಬಾಗಿಲ ಅಡಿಗೆ ಮಡಚಿದ, ಮೈ ಒರೆಸುವ ಬೈರಾಸು. ಮಗಳ ಕಿವಿಗೆ ಹತ್ತಿ. ಬಾಣಂತಿಗೆ ಗಾಳಿ ತಾಗಬಾರ್ದಲ್ಲ! ಬೆಳ್ಳುಳ್ಳಿ ಹುರಿದು ಹುರಿದು ಮನೆಯ ಪರದೆ ಕೂಡ ಸಾರಿಗೆ ಹಾಕುವ ಹಾಗೆ ಆಗಿತ್ತು.

ಆದ್ರೆ ಆ ರೂಮು ಬಿಸಿಯಾಗ್ಲೇ ಇಲ್ಲ. ಹೊರಗಿನ ಹಾಲ್‌ನಲ್ಲಿ ಹಪ್ಪಳ ಒಣಗಿಸ್ಬಹುದು, ಅಷ್ಟು ಬಿಸಿ. ಬಾಣಂತಿ ರೂಮಿಗೆ ಕಾಲಿಟ್ರೆ ಫ್ರಿಜ್ಜು. ನಮ್ಮವರು ಗೋಡೆಯ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದ್ರು. ಫಿಲ್ಟರ್ ತೆಗೆದು ತೊಳೆದ್ರು. ಅದರಿಂದ ಇಳಿದ ಕಪ್ಪು ಕೆಸರು ನೋಡಿ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಏನೂ ಪ್ರಯೋಜನ ಇಲ್ಲ. ಏಸಿಯವರನ್ನು ಕರೆಸಿದೆವು. ಅವರು ಹಾಲ್‌ನಲ್ಲಿ ಕೈ ಎತ್ತಿ ನೋಡಿ, "ಸಬ್ ಠೀಕ್ ಹೈ ಮಾಜಿ" ಅಂದ್ರು. ರೂಮೊಳಗೆ ನೋಡಿ ಮಾರಾಯ್ರೆ ಅಂದ್ರೆ ಬಾಗಿಲಿಗೆ ಅಡ್ಡ ದೊಡ್ಡಮ್ಮ. "ಅಮೆಯ ಸೂತಕ ಕಳೀದೆ ಹೊರಗಿನ ಗಂಡಸು ಬಾಣಂತಿ ಕೋಣೆಗಾ? ನನ್ನ ಹೆಣದ ಮೇಲೆ ಹೋಗ್ಲಿ!" ಅಂತ ಹೇಳಿ ಅವರ ಮುಖಕ್ಕೇ ಒಂದು ಸೀನು ಸೀನಿದ್ರು. ಅವರು ಏಣಿ ಎತ್ಕೊಂಡು ಹೋದವರು ಪುನಃ ಫೋನೇ ಎತ್ಲಿಲ್ಲ. ಕರೆಂಟಿನ ಸಣ್ಣ ಹೀಟರ್ ತಂದ್ರೆ, ಅದರ ಕೆಂಪು ಕಂಬಿ ನೋಡಿ, "ಮಗುವನ್ನು ಬಂಗುಡೆ ಅಂತ ಗ್ರಹಿಸಿದ್ದೀರಾ, ಕಾಯಿಸ್ಲಿಕ್ಕೆ?" ಅಂತ ಹೊರಗೆ ಇಟ್ರು.

ಮಗು ಎಲ್ಲಿತ್ತು ಅಂತ ಕೇಳ್ತೀರಾ? ದೊಡ್ಡಮ್ಮ ರವಿಕೆಯ ಹುಕ್ಕು ಬಿಚ್ಚಿ, ಆ ಎಣ್ಣೆ, ಬೆವರು, ನಸ್ಯದ ಪುಡಿ ಎಲ್ಲ ಮೆತ್ತಿದ ಎದೆಯ ಮೇಲೆ ಮಗುವನ್ನು ಬರಿಮೈಯಲ್ಲಿ ಕವುಚಿ ಮಲಗಿಸಿ, ಮೇಲಿಂದ ಹಳೇ ಸೀರೆ ಹೊದ್ದು ಗೋಡೆಗೆ ಒರಗಿ ಕೂರ್ತಿದ್ರು. ಯಾವಾಗ ನೋಡಿದ್ರೂ ಹಾಗೆ. ಹಾಲು ಕುಡಿಸ್ಲಿಕ್ಕೆ ಮಾತ್ರ ಮಗಳ ಕೈಗೆ ಕೊಡುದು, ಕುಡಿದಾದ ಕೂಡ್ಲೆ ಪುನಃ ಎದೆಗೆ. ನಾನು ಮಗುವನ್ನು ಕಿತ್ಕೊಂಡು ಬಿಸಿನೀರಿನ ಬಟ್ಟೆಯಲ್ಲಿ ಒರೆಸುದು. ಅವರು ಪುನಃ ನನ್ನ ಕೈಯಿಂದ ಕಿತ್ಕೊಳ್ಳುದು. ಮಗಳು ನಡುವಲ್ಲಿ, "ಇಬ್ಬರೂ ಬಿಡಿ ಒಮ್ಮೆ!" ಅಂತ ಅಳುದು.

ಡಾಕ್ಟ್ರ ಹತ್ತಿರ ಹೋಗುವ ಹಿಂದಿನ ದಿನ. ಮಗುವಿನ ಸ್ನಾನ ಮುಗಿಸಿ, ರೂಮಿಗೆ ಧೂಪ ಹಾಕಿ, ದೊಡ್ಡಮ್ಮ ಊಟಕ್ಕೆ ಅವರ ಮನೆಗೆ ಹೋಗಿದ್ರು. ನಾನು ಕೆಮ್ಮಿಕೊಂಡು ನೋಡ್ತೇನೆ, ಹೊಗೆ ಅಲ್ಲಾಡುದೇ ಇಲ್ಲ! ಸೊಳ್ಳೆಪರದೆ ಕಟ್ಟಿದ ಹಾಗೆ ನಿಂತಿದೆ. ಹಾಲ್‌ನಲ್ಲಿ ಆದ್ರೆ ಊದುಬತ್ತಿಯ ಹೊಗೆ ಸೀದಾ ಗೋಡೆಯ ಮೇಲಿನ ಗ್ರಿಲ್ಲಿಗೆ ಎಳ್ಕೊಂಡು ಹೋಗ್ತದೆ. ರೂಮಿನ ಗಾಳಿ ವಾಪಸ್ ಹೋಗ್ಲಿಕ್ಕೆ ಇಲ್ಲಿಯೂ ಅಂಥದ್ದೇ ಒಂದು ಗ್ರಿಲ್ಲು ಬಾಗಿಲ ಮೇಲೆ ಉಂಟು. ಒಳಗಿನ ತಣ್ಣಗಿನ ಗಾಳಿ ಹೋಗದೆ ಬಿಸಿ ಗಾಳಿ ಬರುದೆಲ್ಲಿಗೆ? ಸ್ಟೂಲು ಹತ್ತಿ ಗ್ರಿಲ್ಲಿನ ಕ್ಲಿಪ್ಪು ತೆಗೆದೆ.

ಅಯ್ಯೋ... ಒಳಗಿಂದ ಬಿದ್ದದ್ದು ನೇರ ನನ್ನ ಹೆಗಲ ಮೇಲೆ. ಹಳೇ ಸೀರೆಯ ತುಂಡುಗಳು, ಅದರ ನಡುವೆ ಗಂಟು ಗಂಟಾಗಿ ದೊಡ್ಡಮ್ಮನ ಮೂಗು ಒರೆಸುವ ಬಟ್ಟೆ! ಕಂದು ಕಲೆ, ಎಣ್ಣೆಗೆ ಅಂಟಿದ ಧೂಳಿನ ಉಂಡೆ, ಯಾರದ್ದೋ ಕೂದಲು, ಒಂದು ಜಿರಳೆಯ ಕಾಲು. ಬಾಣಂತಿಗೆ ಗಾಳಿ ತಾಗಬಾರ್ದು ಅಂತ ತೂತು ಕಂಡಲ್ಲೆಲ್ಲ ತುರುಕಿಟ್ಟಿದ್ರು ಮಹಾತಾಯಿ. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿ ಬರುವಷ್ಟರಲ್ಲಿ ರೂಮಲ್ಲಿ ಗಾಳಿ ಆಡ್ಲಿಕ್ಕೆ ಶುರುವಾಗಿತ್ತು. ಕೊಳವೆಯಲ್ಲಿ ಕೂತ ಧೂಳೆಲ್ಲ ಸುಟ್ಟು ಮೊದಲ ಬಿಸಿ ಬಂತು. ಸುಟ್ಟ ಧೂಳು, ನಸ್ಯ, ಬೆಳ್ಳುಳ್ಳಿ. ಮಗಳು ಮೂಗು ಮುಚ್ಚಿಕೊಂಡು ನಕ್ಕಳು. ಹೆರಿಗೆಯ ನಂತರ ಅವಳು ಮೊದಲ ಸಲ ನಕ್ಕದ್ದು ಅವತ್ತೇ.

ಆ ಬಟ್ಟೆಯನ್ನು ಇಕ್ಕಳದಲ್ಲಿ ಹಿಡ್ಕೊಂಡು ಎದುರು ಮನೆಗೆ ಹೋದೆ. ದೊಡ್ಡಮ್ಮ ಊಟ ಮುಗಿಸಿ ಕೂತಿದ್ರು.

"ಹೀಟರ್ ಕೆಟ್ಟದ್ದಲ್ಲ ದೊಡ್ಡಮ್ಮ, ನೀವು ಕೆಡಿಸಿದ್ದು! ಈ ನಿಮ್ಮ ಮೂಗಿನ ಬಟ್ಟೆಯಿಂದ ಆ ಮಗು ಇಷ್ಟು ದಿನ ಚಳಿಯಲ್ಲಿ ಸಾಯ್ತಿತ್ತು!"

ಅವರು ನಿಧಾನಕ್ಕೆ ಒಂದು ಚಿಟಿಕೆ ನಸ್ಯ ಏರಿಸಿದ್ರು. ಉತ್ತರ ಕೊಟ್ರು ಒಂದು. ಅದನ್ನು ಆಮೇಲೆ ಹೇಳ್ತೇನೆ, ನುಂಗ್ಲಿಕ್ಕೆ ನನಗೂ ಸ್ವಲ್ಪ ಸಮಯ ಬೇಕಾಗಿತ್ತು.

ಮಾರನೇ ದಿನ ತಕ್ಕಡಿಯ ಮೇಲೆ ಮಗುವನ್ನು ಇಟ್ಟಾಗ ಮಗಳು ಕಣ್ಣು ಮುಚ್ಚಿ ನನ್ನ ಕೈ ಹಿಚುಕ್ತಾ ಇದ್ದಳು. ತೂಕ ಏರಿತ್ತು. ಒಳ್ಳೆಯದೇ ಏರಿತ್ತು. ಪೆಟ್ಟಿಗೆ ಬೇಡ, ಮನೆಗೆ ಕರ್ಕೊಂಡು ಹೋಗಿ ಅಂದ್ರು ಡಾಕ್ಟ್ರಮ್ಮ. ಎಂತ ಮಾಡಿದ್ರಿ ಅಂತ ಕೇಳಿದ್ರೆ ನಮ್ಮವರು ಎದೆ ಉಬ್ಬಿಸಿ, "ಹೀಟರ್ ಸರಿಯಾಯ್ತು" ಅಂದ್ರು. ಸರಿಯಾದದ್ದು ನಿನ್ನೆ ಮಧ್ಯಾಹ್ನ ಅಂತ ನಾನೂ ಹೇಳ್ಲಿಲ್ಲ, ಮಗಳೂ ಹೇಳ್ಲಿಲ್ಲ...

ಆಮೇಲೆ ದೊಡ್ಡಮ್ಮನ ಮಗನ ಕೆಲಸ ಹೋಯ್ತು, ವೀಸಾ ಮುಗೀತು, ಊರಿಗೆ ಹೋದ್ರು. ಹೋಗುವಾಗ ನಮ್ಮ ಸೋಫಾದಲ್ಲಿ ಕೊನೆಯ ಸಲ ಒರಗಿ ಕೂತ್ರು. ನಾನು ಟವೆಲ್ ಹಾಸಲಿಲ್ಲ. ಕಳೆದ ಮಳೆಗಾಲದಲ್ಲಿ, ದೊಡ್ಡಮ್ಮ ತೀರಿಕೊಂಡ್ರು ಅಂತ ಅವರ ಸೊಸೆಯ ವಾಯ್ಸ್ ಮೆಸೇಜ್ ಬಂತು. ಆಗ ನನಗೆ ಟೈಪ್ ಮಾಡ್ಲಿಕ್ಕೆ ಬರ್ತಿರ್ಲಿಲ್ಲ, ಉತ್ತರ ಕೊಡ್ಲಿಕ್ಕೆ ಬಾಯಿ ಬರ್ಲಿಲ್ಲ. ಹಾಗೇ ಉಳೀತು.

ಟೈಪಿಂಗ್ ಕಲಿಸಿದವಳು ಆ ಒಂದು ಹಿಡಿ ಮಗುವೇ. ಈಗ ನನಗಿಂತ ಎತ್ತರ, ಬ್ಯಾಂಕಿನಲ್ಲಿ ಕೆಲಸ. ಮೊನ್ನೆ ಹೀಟರಿನ ವಾಸನೆಗೆ ಮೂಗು ಹಿಡ್ಕೊಂಡು, "ಅಜ್ಜೀ, ಸೋ ಡಿಸ್ಗಸ್ಟಿಂಗ್! ಅಲ್ಲಿಂದ ಏಳಿ" ಅಂದಳು. ನೀನು ಇದಕ್ಕಿಂತ ಕೊಳಕು ಜಾಗದಲ್ಲಿ ಮಲಗಿ ಬೆಳೆದವಳು ಅಂದೆ. ನಂಬಲಿಲ್ಲ.

ನಿಜ, ಕೊಳಕೇ ಆ ಹೆಂಗಸು. ಇವತ್ತು ಎದುರು ಬಂದು ನಿಂತ್ರೂ ನಾನು ಮೂಗು ಮುಚ್ಚುದೇ. ಆದ್ರೆ ಬಂದು ನಿಲ್ಲುವವರು ಇಲ್ಲ... ಅವತ್ತು ಅವರು ನನ್ನ ಇಕ್ಕಳದಿಂದ ಆ ಬಟ್ಟೆಯನ್ನು ಎಳ್ಕೊಂಡು, ಕೊಡವಿ, ಮೂಗು ಒರೆಸಿ, ರವಿಕೆಯೊಳಗೆ ಸಿಕ್ಕಿಸಿಕೊಂಡು ಹೇಳಿದ್ದು ಇಷ್ಟೇ:

"ರೂಮು ತಣ್ಣಗಿತ್ತು ಅಂತ ನಿನಗೆ ಗೊತ್ತು, ನಿನ್ನ ಗಂಡನಿಗೆ ಗೊತ್ತು. ಮಗುವಿಗೆ ಯಾರು ಹೇಳಿದ್ದು ಮಾರಾಯ್ತಿ?"