ದುಂಡಗೆ ಹಾಕಿದ ಸಹಿಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಚಿತ್ರದ ಶಾಯಿ ಒರೆಸಿ ಒರೆಸಿ ಆ ಬಣ್ಣ ಅಲ್ಲೇ ನಿಂತಿತ್ತು. ಸಿರುಗುಪ್ಪದ ಶಾಲೆಯಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು, ನಾನು ಗಣಿತದವನು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡೇ ಪಾಠ ಮಾಡುತ್ತಿದ್ದರು. ನನ್ನ ಶಿಸ್ತು ಕಂಡು, "ನಿಮ್ಮ ಚಾಕ್‌ಪೀಸೂ ಸಾಲಾಗಿ ನಿಂತಾವಲ್ರಿ, ಅವಕ್ಕೂ ಹಾಜರಿ ಕರೀತೀರೇನು?" ಎಂದು ರೇಗಿಸುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ. ಅವರ ಊರಾದ ಕುರುಗೋಡಿನ ಕೆಲವು ತರುಣರನ್ನು ವಿಚಾರಣೆಯಿಲ್ಲದೆ ಬಳ್ಳಾರಿಯ ಜೈಲಿಗೆ ಹಾಕಿದ್ದರು. ನೋಡಲು ಹೋದ ತಾಯಂದಿರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ವಿಚಾರಣೆ ನಡೆಸಿ, ಇಲ್ಲವೇ ಬಿಡಿ ಎಂದು ಮೇಷ್ಟ್ರು ಕಲೆಕ್ಟರಿಗೆ ಅರ್ಜಿ ಬರೆದರು. ಸಹಿಗಳನ್ನು ಒಂದರ ಕೆಳಗೊಂದು ಹಾಕಿಸಲಿಲ್ಲ. ಬರಿಗೈಯಲ್ಲೇ ಒಂದು ವೃತ್ತ ಎಳೆದು, ಅದರ ಸುತ್ತ ಹಾಕಿಸಿದರು.

"ಮೊದಲನೇದು ಯಾರ್ದು ಅಂತ ಗೊತ್ತಾಗಬಾರ್ದು ನೋಡ್ರಿ. ಅವನ್ನ ಹಿಡಿದ್ರ ಉಳಿದವರು ಹೆದರತಾರ."

ನಾನೂ ಹಾಕಿದೆ, ಪೂರ್ತಿ ಹೆಸರಲ್ಲ, ಎರಡೇ ಅಕ್ಷರ.

ಅರ್ಜಿಯನ್ನು ಬಳ್ಳಾರಿಗೆ ಒಯ್ಯುವ ಕೆಲಸ ನನ್ನದಾಗಿತ್ತು. ಹೊರಡುವ ಮೊದಲೇ ತಾಲ್ಲೂಕಿನ ಯುದ್ಧ ಸಮಿತಿಯ ಅಧ್ಯಕ್ಷರು ನನ್ನನ್ನು ತಮ್ಮ ಮನೆಗೆ ಕರೆಸಿದರು. ಯುದ್ಧದ ಹೊತ್ತಿನಲ್ಲಿ ಹಕ್ಕು ಕೇಳುವವನು ಶತ್ರುವಿನ ಕಡೆಯವನು ಎಂದು ಸಂತೆಯಲ್ಲಿ ಭಾಷಣ ಮಾಡಿದವರು ಅವರು. ಕಾಫಿ ಕೊಟ್ಟು, ಅರ್ಜಿ ನೋಡಿ ನಕ್ಕರು.

"ಏನ್ ಮೇಷ್ಟ್ರ, ಇದು ರೊಟ್ಟಿ ಇದ್ದಂಗ ಐತಿ. ನೀವು ಶಿಸ್ತಿನವರು. ಯಾರ ಹಿಂದ ಯಾರು ಅಂತ ನಂಬರ್ ಹಾಕಿ ಬರ್ಕೊಡ್ರಿ. ನಾನ ಮುಟ್ಟಿಸ್ತೀನಿ."

ಏಕೆ ಕೇಳುತ್ತಿದ್ದಾರೆಂದು ನನಗೆ ತಿಳಿಯದೆ ಇರಲಿಲ್ಲ. ಸಹಿ ಹಾಕಿಸುವಾಗ ಅಲ್ಲೇ ಕೂತಿದ್ದೆ; ಅನುಕ್ರಮ ನೆನಪಿತ್ತು. ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಚಂದದ ಅಕ್ಷರದಲ್ಲಿ ಪಟ್ಟಿ ಬರೆದೆ. ಮೊದಲ ಹೆಸರು ಡ್ರಾಯಿಂಗ್ ಮೇಷ್ಟ್ರದು. ನನ್ನ ಹೆಸರನ್ನು ಬಿಟ್ಟೆ.

ನಾಲ್ಕನೇ ದಿನ ಪೊಲೀಸರು ಅವರನ್ನು ತರಗತಿಯಿಂದಲೇ ಕರೆದೊಯ್ದರು. ಕೆಲಸ ಹೋಯಿತು, ಎರಡು ವರ್ಷ ಜೈಲಿನಲ್ಲಿದ್ದರು. ಅವರ ತರಗತಿಗಳನ್ನು ನನಗೇ ಕೊಟ್ಟರು. ಒಂದು ದಿನವೂ ತಪ್ಪಿಸಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ, ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವರು ಅಂಗಡಿಯೊಂದರ ಬೋರ್ಡು ಬರೆಯುತ್ತಿದ್ದುದನ್ನು ಕಂಡೆ. ನಾನು ತಿರುಗಿ ಹೋಗುವಷ್ಟರಲ್ಲಿ ಕೂಗಿದರು. ಏಣಿಯಿಂದ ಇಳಿದು ಬಂದು ಚಹಾ ತರಿಸಿದರು. ತುಂಬ ಕೆಮ್ಮುತ್ತಿದ್ದರು. ನನ್ನ ಮಕ್ಕಳನ್ನು ಹೆಸರು ಹಿಡಿದು ವಿಚಾರಿಸಿದರು. ನಾನು ಶಾಲೆಯ ಹೊಸ ಕಟ್ಟಡದ ಸುದ್ದಿ ಹೇಳುತ್ತಿದ್ದಾಗ ತಾವಾಗಿಯೇ ಅಂದರು:

"ಪೊಲೀಸ್ರು ಆ ಪಟ್ಟಿ ನನಗ ತೋರಿಸಿದ್ರು. ನಿಮ್ಮ ಅಕ್ಷರ ಗುರ್ತು ಸಿಕ್ತು. ಅರ್ಜ್ಯಾಗಿನ ಸಹಿ ಎಣಿಸಿ, ಪಟ್ಟಿಗಿಂತ ಒಂದು ಹೆಚ್ಚೈತಲ್ಲ, ಯಾರ್ದು ಅಂತ ಕೇಳಿದ್ರು. ಅದೂ ನಂದ, ಎರಡು ಸಲ ಹಾಕೀನಿ ಅಂದೆ. ಸುಮ್ನಾದ್ರು."

ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ಸಿರುಗುಪ್ಪದ ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಆ ಬೇಸಿಗೆಯಲ್ಲೇ ಅವರು ಕುರುಗೋಡಿನಲ್ಲಿ ತೀರಿಕೊಂಡರೆಂದು ತಿಳಿಯಿತು. ಮಣ್ಣಿಗೆ ನಾನು ಹೋಗಲಿಲ್ಲ. ಕೇಳಿದವರಿಗೆ ಶಾಲೆಯ ಕೆಲಸವಿತ್ತೆಂದು ಹೇಳಿದೆ. ಶಾಲೆಗೆ ಆಗ ರಜೆ.