ಜ್ವರಕ್ಕೆ ಕೂತ ಮೀನುಗಳು

ನಮ್ಮೂರಿನ ಅನಸೂಯಕ್ಕನ ರೇಷ್ಮೆ ಹುಳುಮನೆಗಿಂತ ದೊಡ್ಡಾಸ್ಪತ್ರೆಯ ಆಪರೇಷನ್ ಕೋಣೆಯೊಳಕ್ಕೆ ನುಗ್ಗುವುದು ಸುಲಭ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ ಇರುತ್ತಿತ್ತು. ಅದರಲ್ಲಿ ಕಾಲು ಅದ್ದದೆ ಹೊಸಿಲು ದಾಟಿದರೆ ಮಹಾರಾಯಿತಿ ಜನ್ಮ ಜಾಲಾಡಿಬಿಡುತ್ತಿದ್ದಳು. ಇಪ್ಪತ್ತೈದು ವರ್ಷ ರೇಷ್ಮೆ ಹುಳು ಸಾಕಿದ ಕೈ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವಳ ಗೂಡನ್ನು ಜನ ಕೈಗೆತ್ತಿಕೊಂಡು ನೋಡುತ್ತಿದ್ದರು. ಜೀವ ಸಾಕುವುದನ್ನು ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಅವಳು ನಂಬಿದ್ದಳು. ಎದುರು ಮನೆಯವಳಾದ ನಾನೂ ಹಾಗೆಯೇ ನಂಬಿದ್ದೆ.

ಹೋದ ವರ್ಷ ದೀಪಾವಳಿ ಮುಗಿದ ವಾರದಲ್ಲೇ ಅವಳ ಗಂಡ ನರಸಿಂಹಪ್ಪನವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಅನಸೂಯಕ್ಕ ಹಿಪ್ಪುನೇರಳೆ ತೋಟವನ್ನು ಮೈದುನನಿಗೆ ವಹಿಸಿ, ಹುಳುಮನೆಗೆ ಬೀಗ ಹಾಕಿ, ಗಂಡನ ಕುರ್ಚಿಯ ಪಕ್ಕ ಬಂದು ಕೂತಳು. ಕಾಲು ನಿಧಾನಕ್ಕೆ ಸ್ವಾಧೀನಕ್ಕೆ ಬಂತು. ಕೈ ಬರಲಿಲ್ಲ. ವಾರಕ್ಕೊಮ್ಮೆ ಚಿಂತಾಮಣಿಯಿಂದ ಬಂದು ವ್ಯಾಯಾಮ ಮಾಡಿಸುತ್ತಿದ್ದ ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಒಂದು ದಿನ ನಮ್ಮಿಬ್ಬರನ್ನೂ ಜಗಲಿಗೆ ಕರೆದಳು.

"ಅಮ್ಮ, ಆ ಕೈಯಲ್ಲಿ ಇನ್ನೂ ಶಕ್ತಿ ಇದೆ. ನಾನು ಎತ್ತಿದ್ರೆ ಏಳುತ್ತೆ, ಬಿಟ್ರೆ ಬೀಳುತ್ತೆ. ಅವ್ರಿಗೆ ಯಾವುದೂ ಬೇಕಾಗಿಲ್ಲ, ಅದೇ ತೊಂದ್ರೆ. ಅವ್ರಾಗೇ ಏನಕ್ಕಾದ್ರೂ ಕೈ ಚಾಚ್ಬೇಕು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಬಂತು. ಆಮೇಲೆ ತುಂಬಾ ಕಷ್ಟ."

"ಈಗ ಐದು ಮುಗೀತಲ್ಲವ್ವ" ಎಂದಳು ಅನಸೂಯಕ್ಕ. ಹುಡುಗಿ ಚಪ್ಪಲಿ ಮೆಟ್ಟಿಕೊಂಡಳು.

ಆವತ್ತಿನಿಂದ ಅನಸೂಯಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಂಡನಿಗೆ ಪ್ರಾಣವಾಗಿದ್ದ ಉಪ್ಸಾರು ಮಾಡಿ ಎದುರಿಗಿಟ್ಟಳು. ಟೀವಿ ಹಾಕಿದಳು, ಮೊಮ್ಮಕ್ಕಳ ಫೋಟೊ ಹಿಡಿದಳು. ನರಸಿಂಹಪ್ಪನವರು ಎಲ್ಲದರ ಆಚೆಗೆ, ಗೋಡೆಯ ಕಡೆ ನೋಡುತ್ತಿದ್ದರು. ಹೀಗಿರುವಾಗ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ತೋರಿಸಲು ಹೋದೆವು. ಅಲ್ಲಿ ಕಾಯುವ ಜಾಗದಲ್ಲಿ ಗಾಜಿನ ತೊಟ್ಟಿಯೊಂದಿತ್ತು. ಅದರೊಳಗೆ ಒಂದು ಕೆಂಪು ಮೀನು ಆ ತುದಿಯಿಂದ ಈ ತುದಿಗೆ ಹೋಯಿತು. ನರಸಿಂಹಪ್ಪನವರ ಕಣ್ಣೂ ಅದರ ಜೊತೆಗೇ ಹೋಯಿತು. ಅನಸೂಯಕ್ಕ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒತ್ತಿದ ಗುರುತು ಸಂಜೆಯವರೆಗೂ ಇತ್ತು.

ಮಾರನೆಯ ದಿನವೇ ಚಿಂತಾಮಣಿಯ ಮೀನಿನ ಅಂಗಡಿಯಲ್ಲಿ ನಿಂತಿದ್ದೆವು. ಅಂಗಡಿಯ ಮೋಹನ್‌ಬಾಬು ತೆಲುಗು ಬೆರೆಸಿ ಮಾತಾಡುವ ಸಮಾಧಾನದ ಮನುಷ್ಯ. ಎರಡಡಿಯ ತೊಟ್ಟಿ, ಕಲ್ಲು, ನೀರು ಸೋಸುತ್ತ ಗುಳ್ಳೆ ಬಿಡುವ ಪುಟ್ಟ ಮೋಟಾರು ಎಲ್ಲವನ್ನೂ ತೆಗೆದಿಟ್ಟ. ಮೀನು ಮಾತ್ರ ಕೊಡಲಿಲ್ಲ.

"ನೀರು ತುಂಬಿ ಮೋಟಾರು ಓಡಿಸ್ತಾ ಇರಿ ಅಮ್ಮಾ. ಇನ್ನೊಂದೆರಡು ಮೂರು ವಾರ ಬಿಟ್ಟು ಬನ್ನಿ, ಎರಡು ಮೀನು ಕೊಡ್ತೀನಿ. ನೀರು ಹದ ಆಗ್ಬೇಕು."

"ನಮ್ಮ ನೀರು ಶುದ್ಧವಾಗೇ ಐತೆ ಕಣಪ್ಪ."

"ಶುದ್ಧ ಇದ್ರೆ ಸಾಲ್ದು. ಮೀನಿನ ಗಲೀಜು ತಿನ್ನೋ ಕ್ರಿಮಿ ನೀರಲ್ಲಿ ಬೆಳೀಬೇಕು. ಆಮೇಲೇ ಮೀನು."

ಕ್ರಿಮಿ ಎಂದದ್ದೇ ತಡ, ಅನಸೂಯಕ್ಕ ಮುಖ ಗಂಟಿಕ್ಕಿದಳು. ಜೀವಮಾನವಿಡೀ ಕ್ರಿಮಿ ಕೊಲ್ಲುತ್ತ ಬಂದವಳಿಗೆ ಕ್ರಿಮಿ ಬೆಳೆಸು ಅನ್ನುವವನು ತಲೆ ಕೆಟ್ಟವನಂತೆ ಕಂಡಿರಬೇಕು.

"ನಂಗೆ ಅಷ್ಟು ದಿನ ಇಲ್ಲಪ್ಪ. ಹತ್ತು ಮೀನು ಹಾಕು. ಕೆಂಪಗಿರೋವೇ ಹಾಕು."

"ಒದ್ದಮ್ಮಾ, ಬೇಡ. ಸತ್ತೋಗ್ತವೆ."

"ನಾನು ಸಾಕಿರೋ ಜೀವಕ್ಕೆ ಲೆಕ್ಕ ಇಲ್ಲ. ನೀನು ಹಾಕು."

ಅವನು ನನ್ನ ಮುಖ ನೋಡಿದ. ಅನಸೂಯಕ್ಕನೆದುರು ಬಾಯಿ ಬಿಟ್ಟು ಗೆದ್ದವರು ನಮ್ಮೂರಲ್ಲಿಲ್ಲ. ಅವನು ಗೊಣಗುತ್ತಲೇ ಗಾಳಿ ತುಂಬಿದ ಕವರುಗಳಲ್ಲಿ ಮೀನು ಹಾಕಿ, ಮೀನಿನ ಮೇವಿನ ಕಾಳಿನ ಡಬ್ಬಿಯೊಂದನ್ನು ಕೊಟ್ಟು, ದಿನಕ್ಕೊಂದು ಸಲ ಚಿಟಿಕೆ ಹಾಕಿದರೆ ಸಾಕು ಎಂದ. ಫೋನ್ ನಂಬರನ್ನೂ ಬರೆದುಕೊಟ್ಟ.

ಮನೆಗೆ ಬಂದದ್ದೇ ಹುಳುಮನೆಯ ಶಾಸ್ತ್ರ ಶುರುವಾಯಿತು. ತೊಟ್ಟಿಗೂ ಕಲ್ಲಿಗೂ ಬ್ಲೀಚಿಂಗ್ ನೀರಿನ ಸ್ನಾನವಾಯಿತು. ಆಮೇಲೆ ಬಿಸಿಲು, ಆಮೇಲೆ ವಾಸನೆ ಹೋಗುವವರೆಗೂ ಕೊಳವೆಬಾವಿ ನೀರು. ಕವರುಗಳನ್ನು ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತೇಲಿಬಿಟ್ಟು, ಮರಿಹುಳು ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ತಂದ ಎಳೆ ಹುಳುಗಳನ್ನು ಇಳಿಸುವಷ್ಟು ಮೆತ್ತಗೆ ಮೀನುಗಳನ್ನು ನೀರಿಗೆ ಬಿಟ್ಟಳು. ನರಸಿಂಹಪ್ಪನವರ ಕುರ್ಚಿಯನ್ನು ತೊಟ್ಟಿಯ ಎದುರಿಗೆ ಎಳೆದೆವು.

ಮೊದಲು ಏನೂ ಆಗಲಿಲ್ಲ. ಆಮೇಲೆ ಅವರ ಕಣ್ಣು ಹೊರಳಿತು. ಒಂದು ಮೀನನ್ನು ಹಿಡಿದು ಆ ಮೂಲೆಯವರೆಗೆ ಹೋಗಿ, ಇನ್ನೊಂದನ್ನು ಹಿಡಿದು ಈ ಕಡೆಗೆ ಬಂತು. ಅನಸೂಯಕ್ಕ ಅಡುಗೆಮನೆಗೆ ಓಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನೋಡ್ತಾವ್ರೆ ಕಣೇ ಕವಿತಾ. ನೋಡ್ತಾವ್ರೆ" ಎಂದಳು.

ಆ ಸಂತೋಷಕ್ಕೇ ಕಾಳಿನ ಡಬ್ಬಿ ಮತ್ತೆ ಮತ್ತೆ ತೆರೆಯಿತು. ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಅದರ ಮುಂದಿನ ಸೊಪ್ಪು ಖಾಲಿಯಾಗಲು ಬಿಡುವವಳು ಸಾಕುವವಳೇ ಅಲ್ಲ. ಆ ಲೆಕ್ಕದಲ್ಲೇ ಬೆಳಗ್ಗೆ, ಮಧ್ಯಾಹ್ನ, ಸಂಜೆ, ನಡುವೆ ಮನಸ್ಸಾದಾಗ, ಹಿಡಿ ಹಿಡಿಯಾಗಿ ಕಾಳು ಬಿತ್ತು. ಚಿಟಿಕೆ ಎಂದಿದ್ದನಲ್ಲಕ್ಕಾ ಅಂದರೆ, "ಅಂಗಡಿಯೋನಿಗೇನು ಗೊತ್ತು ಹೊಟ್ಟೆ ಹಸಿವು" ಎಂದಳು. ಎರಡು ದಿನದಲ್ಲಿ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೂರನೆಯ ದಿನ ಮಧ್ಯಾಹ್ನ ಮೀನುಗಳು ರೆಕ್ಕೆ ಮಡಚಿ ತಳದಲ್ಲಿ ಕೂತುಬಿಟ್ಟವು. ಒಂದೂ ಅಲುಗದು.

ನನಗೆ ದಿಗಿಲಾಯಿತು. ಅನಸೂಯಕ್ಕ ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, ನಕ್ಕಳು.

"ಏನೂ ಇಲ್ಲ ಕಣೇ, ಜ್ವರಕ್ಕೆ ಕೂತವೆ."

ರೇಷ್ಮೆ ಹುಳು ಪೊರೆ ಬಿಡುವ ಮೊದಲು ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಆಗ ಮೇವು ಹಾಕಬಾರದು, ಮುಟ್ಟಬಾರದು, ಕದಲಿಸಬಾರದು. ತಾನಾಗೇ ಏಳುತ್ತದೆ, ಎದ್ದ ಮೇಲೆ ಹಸಿದು ಬಾಯಿ ಬಿಡುತ್ತದೆ.

"ಅಕ್ಕಾ, ಇವು ಮೀನು. ಅವನಿಗೊಂದು ಫೋನ್ ಮಾಡ್ಲಾ?"

"ಜೀವ ಎಲ್ಲಾ ಒಂದೇ. ಆ ಮೋಟಾರು ಆಫ್ ಮಾಡು, ನೀರು ಅಲ್ಲಾಡುಸ್ತೈತೆ ಅದು."

ಆಫ್ ಮಾಡಿದವಳು ನಾನೇ. ಗುಳ್ಳೆಗಳು ನಿಂತವು. ನರಸಿಂಹಪ್ಪನವರ ಗಂಟಲಿಂದ ಏನೋ ಸದ್ದು ಬಂದಂತಾಯಿತು. ಇಬ್ಬರೂ ತಿರುಗಿ ನೋಡಿದೆವು. ಅವರು ತೊಟ್ಟಿಯ ಕಡೆಗೇ ನೋಡುತ್ತಿದ್ದರು. ಕೆಮ್ಮಿರಬೇಕು ಎಂದುಕೊಂಡೆವು.

ಮಾರನೆಯ ಬೆಳಗ್ಗೆ ಹಾಲು ಕೊಡಲು ಹೋದಾಗ ಅನಸೂಯಕ್ಕ ಹಿತ್ತಿಲಲ್ಲಿ ಕೂತು ಕೈಯಿಂದಲೇ ಮಣ್ಣು ಕೆದಕುತ್ತಿದ್ದಳು. ಪಕ್ಕದಲ್ಲಿ ಕಾಗದದ ಮೇಲೆ ನಾಲ್ಕು ಮೀನು ಬಣ್ಣಗೆಟ್ಟು ಮಲಗಿದ್ದವು.

"ಅವ್ರು ಏಳೋ ಮುಂಚೆ ತೆಗ್ದೆ. ಗೊತ್ತಾಗಲ್ಲ ಅಲ್ವೇನೇ?"

ಇಬ್ಬರೂ ಸೇರಿ ಅವರನ್ನು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆವು. ಅವರ ಕಣ್ಣು ತೊಟ್ಟಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಇಲ್ಲದ ಮೀನನ್ನು ಹುಡುಕುತ್ತಿದ್ದರು. ಆಮೇಲೆ ಕಣ್ಣು ತಳದಲ್ಲಿ ಒಂದು ಕಡೆ ನಿಂತುಬಿಟ್ಟಿತು. ಅನಸೂಯಕ್ಕ ನನ್ನನ್ನು ಪಕ್ಕಕ್ಕೆ ಎಳೆದಳು. "ಇವೂ ಹೋದ್ರೆ ಇವ್ರು ಮತ್ತೆ ಗೋಡೆ ನೋಡ್ತಾರೆ ಕಣೇ. ಆರು ತಿಂಗ್ಳಿಗೆ ಇನ್ನೆಷ್ಟು ದಿನ ಐತೆ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಫೋನ್ ತೆಗೆದು ಮೋಹನ್‌ಬಾಬುವಿಗೆ ಹಚ್ಚಿದೆ. ರಿಂಗ್ ಆಗುತ್ತಲೇ ಇತ್ತು.

ಅಷ್ಟರಲ್ಲಿ ಉಳಿದ ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದವು. ನೀರಿನ ಮೇಲಕ್ಕೆ ಮೂತಿ ಚಾಚಿ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡತೊಡಗಿದವು. ಅನಸೂಯಕ್ಕನ ಮುಖ ಅರಳಿತು.

"ಎದ್ವು ನೋಡೇ! ಜ್ವರ ಬಿಡ್ತು. ಹಸ್ಕೊಂಡವೆ, ಬಾಯಿ ಬಾಯಿ ಬಿಡ್ತಾವೆ ನೋಡು!"

ಹಸಿವಿನ ಬಾಯಿಗೂ ಉಸಿರಿಗೆ ಒದ್ದಾಡುವ ಬಾಯಿಗೂ ಇರುವ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ. ಆದರೆ ನನಗೆ ಏಕೋ ಹೆದರಿಕೆಯಾಯಿತು. "ಅಕ್ಕಾ, ತಡಿ" ಎಂದೆ. ಅವಳು ಆಗಲೇ ಡಬ್ಬಿ ತೆರೆದು ಹಿಡಿ ತುಂಬ ಕಾಳು ತೆಗೆದುಕೊಂಡು, ಗಂಡನ ಕುರ್ಚಿಯ ಪಕ್ಕದಿಂದ ತೊಟ್ಟಿಯ ಕಡೆಗೆ ಕೈ ಚಾಚಿದ್ದಳು.

ಕೈ ಅಲ್ಲೇ ನಿಂತಿತು.

ಅವಳು ತಾನಾಗಿ ನಿಲ್ಲಿಸಿದಳೆಂದು ಮೊದಲು ತಿಳಿದೆ. ಆಮೇಲೆ ಕಂಡಿತು. ಅವಳ ಮಣಿಕಟ್ಟಿನ ಸುತ್ತ ನರಸಿಂಹಪ್ಪನವರ ಬೆರಳುಗಳಿದ್ದವು. ಎಡಗೈ ತೊಡೆಯ ಮೇಲೇ ಇತ್ತು. ಹಿಡಿದಿದ್ದದ್ದು ಬಲಗೈ. ತೋಳು ಗಡಗಡ ನಡುಗುತ್ತಿತ್ತು, ಹಣೆಯ ಮೇಲೆ ಬೆವರು ಒಡೆದಿತ್ತು. ಆದರೂ ಬಿಡಲಿಲ್ಲ. ಅವರ ಕಣ್ಣು ತೊಟ್ಟಿಯ ತಳದಲ್ಲಿತ್ತು. ನಾವಿಬ್ಬರೂ ಅಲ್ಲಿಯವರೆಗೆ ಸರಿಯಾಗಿ ನೋಡಿರದ ತಳ ಅದು. ಕಲ್ಲೇ ಕಾಣದಷ್ಟು ಕೊಳೆತ ಕಾಳು, ಅದರ ಮೇಲೆ ಬಿಳಿ ಬೂಷ್ಟು. ಮೂರು ದಿನ ಅದರ ಮುಂದೆ ಕೂತಿದ್ದ ಮನುಷ್ಯ ಅದನ್ನೇ ನೋಡುತ್ತಿದ್ದರು.

ಕಾಳೆಲ್ಲ ನೆಲದ ಮೇಲೆ ಚೆಲ್ಲಿತು. ಅತ್ತ ಮೋಹನ್‌ಬಾಬು ಫೋನ್ ಎತ್ತಿ, ನಾನು ಹೇಳಿದ್ದನ್ನೆಲ್ಲ ಕೇಳಿ ಕಿರುಚಿದ: "ಮೋಟಾರು ಆನ್ ಮಾಡಮ್ಮಾ ಮೊದ್ಲು! ತಳದ ಗಲೀಜು ತೆಗೀರಿ, ಅರ್ಧ ನೀರು ಬದಲಾಯಿಸಿ. ಕಾಳು ಹಾಕ್ಲೇಬೇಡಿ!"

ನಾನು ಸ್ವಿಚ್ ಒತ್ತಿದೆ. ಪೈಪು ತಂದು ಕೊಳೆಯನ್ನು ಬಕೆಟ್ಟಿಗೆ ಎಳೆದೆ, ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರು ಹೊತ್ತು ಸುರಿದೆ. ಒಬ್ಬಳೇ ಒದ್ದಾಡುತ್ತ, "ಅಕ್ಕಾ, ಒಂದು ಕೈ ಹಚ್ಚಬಾರ್ದಾ?" ಎಂದು ರೇಗಿದೆ.

"ಎಲ್ಲಿಂದ ಹಚ್ಲೇ? ನನ್ ಕೈ ಹಿಡ್ಕೊಂಡವ್ರೆ" ಎಂದಳು ಅನಸೂಯಕ್ಕ. ಕಣ್ಣೀರು ಗಲ್ಲದಿಂದ ಇಳಿದು ಕುತ್ತಿಗೆಗೆ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಗುಳ್ಳೆಗಳು ಎದ್ದವು. ಮೀನುಗಳಲ್ಲಿ ಎರಡು ಇನ್ನೂ ಮೇಲೇ ಒದ್ದಾಡುತ್ತಿದ್ದವು, ಉಳಿದವು ಕೆಳಗಿಳಿದವು. ನರಸಿಂಹಪ್ಪನವರ ಬೆರಳು ಮೆಲ್ಲಗೆ ಸಡಿಲಾಗತೊಡಗಿತು. ಅನಸೂಯಕ್ಕ ಅದನ್ನು ನೋಡಿದಳು. ಗಂಡನ ಮುಖ ನೋಡಿದಳು. ಆಮೇಲೆ ತನ್ನ ಎಡಗೈಯನ್ನು ನಿಧಾನಕ್ಕೆ ಡಬ್ಬಿಯ ಕಡೆಗೆ ಒಯ್ದಳು.

ಮಣಿಕಟ್ಟಿನ ಮೇಲೆ ಹಿಡಿತ ಮತ್ತೆ ಬಿಗಿಯಾಯಿತು.

ಅವಳು ಡಬ್ಬಿಯ ಮುಚ್ಚಳವನ್ನು ಭದ್ರವಾಗಿ ಒತ್ತಿ ಮುಚ್ಚಿ, ಕೈ ಹಿಂದಕ್ಕೆ ತೆಗೆದಳು. ಬೆರಳು ಸಡಿಲಾಗುವವರೆಗೆ ಕಾದು, ಇನ್ನೊಮ್ಮೆ ಆ ಮುಚ್ಚಿದ ಡಬ್ಬಿಯ ಕಡೆಗೆ ಕೈ ಚಾಚಿದಳು.