ಗಾಡಿಗೆ ಅಡ್ಡ ನಿಂತ ಡಾಕ್ಟರು
ನ್ಯೂಯಾರ್ಕಿನ ಬಂದರಿನ ಪಕ್ಕದ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಥಾರ್ಸನ್‌ನನ್ನು ಕಂಡರೆ ನರ್ಸ್ ಹ್ಯಾರಿಯೆಟ್‌ಗೆ ನಗು ತಡೆಯಲಾಗುತ್ತಿರಲಿಲ್ಲ. ಕೋಟಿನ ಗುಂಡಿ ಎಂದೂ ಸರಿಯಾದ ತೂತು ಸೇರಿದ್ದಿಲ್ಲ. ಊಟಕ್ಕೆ ಕೂತರೆ ಸ್ಟೆತಸ್ಕೋಪು ಸೂಪಿನಲ್ಲಿ ಮುಳುಗುತ್ತಿತ್ತು. ಬಾಗಿಲಿಗೆ ಡಿಕ್ಕಿ ಹೊಡೆದರೆ ಬಾಗಿಲಿಗೇ ‘ಕ್ಷಮಿಸಿ’ ಎನ್ನುತ್ತಿದ್ದ. ದೊಡ್ಡ ಸರ್ಜನ್ ಗ್ರಾನ್‌ವಿಲ್ ಕೆಮ್ಮಿದರೂ ಸಾಕು, ಗೋಡೆಗೆ ಅಂಟಿಕೊಳ್ಳುತ್ತಿದ್ದ. ಅಂಥವನು ಒಂದು ಬೆಳಿಗ್ಗೆ, ಹಡಗಿನ ಕೂಲಿ ಬ್ರೆಂಡನ್‌ನ ಜಜ್ಜಿಹೋದ ಕಾಲು ಕತ್ತರಿಸಲು ಅವನನ್ನು ಮಲಗಿಸಿ ಒಯ್ಯುತ್ತಿದ್ದ ಗಾಡಿಗೆ ಅಡ್ಡ ನಿಂತುಬಿಟ್ಟ. “ಪಾದ ಇನ್ನೂ ಬೆಚ್ಚಗಿದೆ ಸರ್. ಸಂಜೆವರೆಗೆ ನನಗೆ ಬಿಡಿ.” “ನಂಜೇರಿ ಸತ್ತರೆ ಅವನ ಹೆಂಡ್ತಿಗೆ ನೀನೇ ಹೇಳ್ತೀಯೇನಯ್ಯಾ?” ಎಂದು ಗ್ರಾನ್‌ವಿಲ್ ಗುಡುಗಿದರು. “ಹೇಳ್ತೀನಿ ಸರ್.” ಗಾಯ ತೊಳೆದು, ದಿನವಿಡೀ ಆ ಪಾದವನ್ನು ಅಂಗೈಯಲ್ಲೇ ಹಿಡಿದು ಕೂತ. ಸಂಜೆ ಬ್ರೆಂಡನ್‌ನ ಹೆಬ್ಬೆರಳು ಮೆಲ್ಲಗೆ ಅಲುಗಿತು. ಗ್ರಾನ್‌ವಿಲ್ ಬಂದರೆ ಮಾತ್ರ ಕುರ್ಚಿ ಬಿಟ್ಟೇಳುತ್ತಿದ್ದ ಹ್ಯಾರಿಯೆಟ್, ತನಗರಿವಿಲ್ಲದೆ ಥಾರ್ಸನ್‌ನ ಎದುರು ಎದ್ದು ನಿಂತಿದ್ದಳು.